ದ್ಯಾಮವ್ವನ ಒಂದು ಕಣ್ಣು

ಅಲ್ಲ, ದ್ಯಾಮವ್ವ ಸಾಲಿನಲ್ಲಿ ಮೊದಲನೆಯವಳಾಗಿರಲಿಲ್ಲ. ಮೊದಲನೆಯವಳು ಎಂದೇ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಅವಳಿಗಿಂತ ಮೊದಲು ಒಬ್ಬ ಮುದುಕ ಇದ್ದ, ಹಳದಿ ರುಮಾಲಿನವನು. ರುಮಾಲು ಹಳದಿಯೋ ನಾನು ಬಳಿದ ಬಣ್ಣವೋ, ಆಣೆ ಮಾಡಲಾರೆ. ಮುದುಕ ಇದ್ದದ್ದಂತೂ ಖರೆ.

ಇದೆಲ್ಲ ಈಗ ಯಾಕೆಂದರೆ, ಇವತ್ತು ಮುಂಜಾನೆ ಹಾವೇರಿಯ ಕಣ್ಣಿನ ದವಾಖಾನೆಯಲ್ಲಿ ಒಬ್ಬ ಹುಡುಗಿ ನನ್ನ ಕೆಳರೆಪ್ಪೆ ಎಳೆದು ಹನಿ ಬಿಟ್ಟು, ಅರ್ಧ ತಾಸು ಕಣ್ಣು ಮುಚ್ಚಿ ಕೂಡ್ರಿ ಅಂದಳು. ಪಕ್ಕದಲ್ಲಿ ಎಸ್ತೇರ್ ಇದ್ದಳು, ನನ್ನ ಶಾಲೆಯ ಗೆಳತಿ, ಮಿಶನ್ ದವಾಖಾನೆಯೊಂದರಲ್ಲಿ ನರ್ಸ್ ಆಗಿ ನಿವೃತ್ತಳಾದವಳು. ಕಣ್ಣು ಮುಚ್ಚಿದವರಿಗೆ ಹಳೆಯದನ್ನು ನೆನೆಯುವುದು ಬಿಟ್ಟು ಮಾಡಲು ಬೇರೆ ಏನಿರುತ್ತದೆ ಹೇಳಿ.

ತುಂಗಭದ್ರೆ ಉಕ್ಕಿ ಮೇಡ್ಲೇರಿ ಆಚೆಯ ಊರೊಂದು ಮುಳುಗಿದ ವರ್ಷ ಅದು. ಜನರೆಲ್ಲ ಶಾಲೆಯ ಕಟ್ಟಡದಲ್ಲಿದ್ದರು. ಮಿಶನ್‌ನವರು ಅಲ್ಲಿ ಔಷಧೋಪಚಾರ ಶುರು ಮಾಡಿದರು. ಕೈ ಕಮ್ಮಿ ಬಿದ್ದಾವ ಬಾ ಎಂದು ಎಸ್ತೇರ್ ಕರೆದಳು. ನಾನು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಸ್ಥರ ಮನೆಯ ಸೊಸೆ. ಸೂಜಿ ಚುಚ್ಚಲು ಬಾರದು, ಡಾಕ್ಟರ ಅಕ್ಷರ ಓದಲು ಬಾರದು. ಹಾಗಾಗಿ ಕಣ್ಣಿಗೆ ಹನಿ ಹಾಕುವ ಕೆಲಸ ಬಂತು. ರಾಡಿನೀರಿನಿಂದ ಊರಿಗೆಲ್ಲ ಕಣ್ಣುಬ್ಯಾನಿ. ನನಗೆ ತೊಡಿಸಿದ ಬಿಳಿ ಕೋಟು ನೋಡಿ ಜನ ನರ್ಸಬಾಯಿ ಅನ್ನತೊಡಗಿದರು. ಹತ್ತು ಗಂಟೆಯ ಹೊತ್ತಿಗೆ ನಾನೂ ಅದನ್ನು ನಂಬಿದ್ದೆ.

ಕೆಲಸಕ್ಕೆ ಮೊದಲು ಮಿಶನ್‌ನ ಡಾಕ್ಟರಮ್ಮ ಪ್ರಾರ್ಥನೆ ಮಾಡಿದರು. ಊರವರೂ ಕೈ ಮುಗಿದು ನಿಂತರು. ಮುಗಿದ ಮೇಲೆ ಒಬ್ಬ ಮುದುಕಿ ಕೇಳಿದಳು: “ಯೇಸಪ್ಪಗ ನನ್ನ ಹೆಸರೂ ಹೇಳೀರಿಲ್ಲರಿ? ಹೊಳಿಯವ್ವಗ ಹೇಳಿ ಹೇಳಿ ಸಾಕಾಗೇತಿ.” ಎಲ್ಲರೂ ನಕ್ಕರು. ಅವಳೇ ದ್ಯಾಮವ್ವ. ಚಿಕ್ಕಂದಿನಲ್ಲಿ ಸಿಡುಬು ಒಂದು ಕಣ್ಣು ತೆಗೆದುಕೊಂಡಿತ್ತು. ಉಳಿದ ಕಣ್ಣು ಕೆಂಪಗೆ ಊದಿತ್ತು.

ನೀವು ಬ್ಯಾಡಗಿಯಲ್ಲಿ ಬಸ್ಸಿಳಿದವರಾದರೆ ಮೊದಲು ಸೀನಿರುತ್ತೀರಿ. ನಮಗೆ ಆ ಘಾಟು ತಿಳಿಯುವುದೇ ಇಲ್ಲ. ನಮ್ಮ ಕಾಯಿ ಬಣ್ಣಕ್ಕೆ, ಖಾರಕ್ಕಲ್ಲ ಎಂದು ಗಿರಾಕಿಗಳ ಮುಂದೆ ಸೀಳಿ ತೋರಿಸುವವರು ನಾವು. ಆ ದಿನ ನಸುಕಿನಲ್ಲಿ ಎದ್ದು ಮನೆಯ ಪುಡಿಗೆಂದು ಒಂದು ಬುಟ್ಟಿ ಕಾಯಿಯ ತೊಟ್ಟು ಮುರಿದು, ಸೀಳಿ, ಬೀಜ ಉದುರಿಸಿ ಬಂದಿದ್ದೆ. ಸಾಬೂನು ಹಚ್ಚಿ ಒಮ್ಮೆ ಕೈ ತೊಳೆದಿದ್ದೆ. ನಮ್ಮಲ್ಲಿ ಅಷ್ಟಕ್ಕೆ ಮುಗಿಯಿತು. ಎಸ್ತೇರ್ ಕೊಟ್ಟ ಕೈಗವಸು ರೆಪ್ಪೆಯ ಮೇಲೆ ಜಾರುತ್ತದೆಂದು ತೆಗೆದು ಕಿಸೆಗೆ ಹಾಕಿಕೊಂಡಿದ್ದೆ.

ಮೊದಲು ಆ ಹಳದಿ ರುಮಾಲಿನ ಮುದುಕನ ರೆಪ್ಪೆ ಎಳೆದು ಹನಿ ಬಿಟ್ಟೆ. ಅವನು ಕುಣಿದುಬಿಟ್ಟ. ಆಮೇಲೆ ನೀರು ಸುರಿಸುತ್ತಲೇ ನಕ್ಕು, ಉರಿದರೇನೇ ಔಷಧ ಎಂದು ಹಿಂದಿನವರಿಗೆ ಸಾರಿದ. ಎಸ್ತೇರಳ ಸಾಲಿನಲ್ಲಿದ್ದ ಇಬ್ಬರು ಅವಳದು ಸಪ್ಪನೆಯ ಔಷಧ ಎಂದು ನನ್ನ ಸಾಲಿಗೆ ಬಂದರು. ನನಗೆ ಹೆಮ್ಮೆಯಾಯಿತು. ಅವನು ಕುಣಿದದ್ದು ಯಾಕೆಂದು ಕೇಳಿಕೊಳ್ಳಲಿಲ್ಲ.

ಆಮೇಲೆ ದ್ಯಾಮವ್ವ ಕುಳಿತಳು. “ಒಂದ ಐತಿ ತಂಗಿ, ಹಗೂರ,” ಅಂದಳು.

ಹಗುರವಾಗಿಯೇ ಎಳೆದೆ. ಅವಳು ಚೀರಲಿಲ್ಲ. ಎರಡೂ ಕೈಯಿಂದ ನನ್ನ ಮುಂಗೈ ಹಿಡಿದು, ಹತ್ತಿತು, ಔಷಧ ಹತ್ತಿತು ಅನ್ನುತ್ತಿದ್ದಳು. ರೆಪ್ಪೆ ಬಿಗಿದುಕೊಂಡಿತು. ಸ್ವಲ್ಪ ಹೊತ್ತಿಗೆ ಒಮ್ಮೆ ತೆರೆದಳು. ಸುತ್ತ ಮೂವತ್ತು ಮಂದಿಯಾದರೂ ನಿಂತಿದ್ದರು.

“ಮಂದಿ ಎಲ್ಲಾ ಎಲ್ಲಿ ಹೋದ್ರು?” ಅಂದಳು.

ಎಸ್ತೇರ್ ಓಡಿ ಬಂದು ನನ್ನ ಕೈ ಎತ್ತಿ ಮೂಸಿದಳು. ಮುಂಜಾನೆ ಏನು ಮಾಡಿ ಬಂದೆ ಎಂದಳು. ಹೇಳಿದೆ. ಅವಳು ಕೂಡಲೇ ಆ ಕಣ್ಣಿಗೆ ತಂಬಿಗೆಗಟ್ಟಲೆ ಸ್ವಚ್ಛ ನೀರು ಸುರಿದಳು. ಡಾಕ್ಟರಮ್ಮ ಬ್ಯಾಟರಿ ಬಿಟ್ಟು ನೋಡಿ, ರಾಣೆಬೆನ್ನೂರಿಗೆ ಒಯ್ಯಬೇಕು ಅಂದರು. ಜೀಪಿನಲ್ಲಿ ಎಸ್ತೇರಳ ತೊಡೆಯ ಮೇಲೆ ದ್ಯಾಮವ್ವನ ತಲೆ, ಎದುರಿಗೆ ನಾನು. ದಾರಿಯಲ್ಲಿ ಡಾಕ್ಟರಮ್ಮ ನನಗೆ ಹೇಳಿದರು: “ಇದು ನಿಮ್ಮಿಂದ ಆಗಿದ್ದಲ್ಲ. ಕಣ್ಣಾಗ ಮೊದಲ ಹುಣ್ಣಾಗಿತ್ತು.” ಮರುದಿನ ಜ್ವರ ಬಂದಿದೆಯೆಂದು ಸುಳ್ಳು ಹೇಳಿ ಮನೆಯಲ್ಲಿ ಉಳಿದೆ. ಆ ಊರಿಗೆ ಮತ್ತೆ ಹೋಗಲಿಲ್ಲ. ಡಾಕ್ಟರಮ್ಮನ ಆ ಎರಡು ಮಾತಿನ ಮೇಲೆ ಇಷ್ಟು ವರ್ಷ ನಿದ್ದೆ ಮಾಡಿದ್ದೇನೆ.

ಇವತ್ತು ಬೆಂಚಿನ ಮೇಲೆ, ಕಣ್ಣು ಮುಚ್ಚಿಕೊಂಡೇ, ಡಾಕ್ಟರಮ್ಮ ಎಷ್ಟು ದೊಡ್ಡ ಮನಸ್ಸಿನವರು ನೋಡು ಎಂದು ಎಸ್ತೇರಳಿಗೆ ಆ ಮಾತು ಹೇಳಿದೆ. ಅವಳು ನನ್ನ ಕಡೆ ತಿರುಗಿದ್ದು ಬೆಂಚು ಅಲುಗಿ ತಿಳಿಯಿತು.

“ಅವರೆಲ್ಲಿ ಅಂದ್ರ? ಜೀಪಿನಾಗ ನೀನ ಅಂದಿ, ನನ್ನಿಂದ ಅಲ್ಲ, ಮೊದಲ ಹುಣ್ಣಾಗಿತ್ತು ಅಂತ. ಮೂರು ಸಲ ಅಂದಿ. ಅವರು ಹೊರಗ ನೋಡಕೋತ ಕುಂತಿದ್ರು.”

ಹಾಗಲ್ಲ ಅನ್ನಲು ಬಾಯಿ ತೆರೆದೆ. ಡಾಕ್ಟರಮ್ಮ ಮಂಗಳೂರ ಕಡೆಯವರು, ಕಡೆತನಕ ಅದೇ ಧಾಟಿಯಲ್ಲಿ ಮಾತಾಡಿದವರು. ನನ್ನ ಕಿವಿಯಲ್ಲಿರುವ ಆ ಮಾತು ಮಾತ್ರ ಅಪ್ಪಟ ಬ್ಯಾಡಗಿಯದು.

ಮುಂದೆ ದ್ಯಾಮವ್ವನ ಕಣ್ಣು ಏನಾಯಿತು ಎಂದು ಮೊದಲ ಸಲ ಕೇಳಿದೆ. ಆ ವಾರವೇ ತನ್ನನ್ನು ಬೇರೆ ಊರಿಗೆ ಕಳಿಸಿದರು ಎಂದಳು ಎಸ್ತೇರ್. “ನೀ ಕೇಳಿರತೀ ಅನ್ಕೊಂಡಿದ್ದೆ,” ಅಂದಳು.

ಹುಡುಗಿ ಬಂದು ಕಣ್ಣು ತೆಗೆಯಿರಿ ಎಂದಳು. ತೆಗೆದೆ. ಬೆಳಕು ಚುಚ್ಚಿತು, ಎಸ್ತೇರಳ ಮುಖ ಬರೀ ಮಸುಕು.

ಬ್ಯಾಡಗಿಯಿಂದ ಆ ಊರಿಗೆ ಎರಡು ಬಸ್ಸು ಹತ್ತಿದರೆ ಸಾಕಿತ್ತು. ದ್ಯಾಮವ್ವನಿಗೆ ಆಮೇಲೆ ಕಂಡಿತೋ ಇಲ್ಲವೋ, ನನಗೆ ಗೊತ್ತಿಲ್ಲ.