ಅಕ್ಕನಿಗೆ ಹೊಂದುವ ಮಜ್ಜೆ

ಎಂಬತ್ತರ ದಶಕದ ಕೊನೆಯ ಒಂದು ಬೇಸಿಗೆ. ಬಾಗಲಕೋಟೆಯ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದೆ. ಅಕ್ಕನನ್ನು ಇಳಕಲ್ಲಿನ ನೇಕಾರರ ಮನೆಗೆ ಕೊಟ್ಟಿದ್ದರು. ಅವಳದು ರಕ್ತದ ಕ್ಯಾನ್ಸರ್ ಎಂದು ತಿಳಿದಾಗ ಮುಂಬಯಿಯ ವೈದ್ಯರು, ಒಡಹುಟ್ಟಿದವರ ಎಲುಬಿನ ಮಜ್ಜೆ ಹೊಂದಿದರೆ ಒಂದು ದಾರಿಯಿದೆ ಎಂದರು. ಅವಳ ಒಡಹುಟ್ಟು ನಾನೊಬ್ಬಳೇ.

ಅವಳ ಅತ್ತೆ ಒಪ್ಪಲಿಲ್ಲ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟುಕೊಂಡೇ, “ಧಾರಿ ಎರದು ಕೊಟ್ಟ ಮ್ಯಾಲ ಆಕಿ ನಮ್ಮನಿಯಾಕಿ. ಕೊಡೂದಿದ್ರ ನನ್ನ ಮಗಾ ಕೊಡ್ತಾನ. ತವರಿನವರ ಮುಂದ ಕೈ ಒಡ್ಡೂದಿಲ್ಲ,” ಎಂದರು. ಭಾವ ಆಗಲೇ ಅಂಗಿಯ ತೋಳು ಮಡಚಿಕೊಂಡಿದ್ದರು.

ನಾನು ಓದಿದ್ದನ್ನು ಹೇಳಿದೆ. ರಕ್ತದಲ್ಲಿ ಕಾವಲುಗಾರರಂಥ ಕಣಗಳಿವೆ. ಯಾರೂ ಕಲಿಸದೆಯೇ ಕೊಲ್ಲಬಲ್ಲವು, ಅದಕ್ಕೇ ಅವುಗಳನ್ನು ಸಹಜ ಹಂತಕ ಕಣಗಳು ಎನ್ನುತ್ತಾರೆ. ಹುಟ್ಟಿನಿಂದ ಬರುವ ತಮ್ಮವರ ಗುರುತಿಲ್ಲದ ಮಜ್ಜೆ ಬಂದರೆ, ಅದು ಭಾವನದೇ ಆಗಿರಲಿ, ಮುಗಿಸಿಬಿಡುತ್ತವೆ.

“ಇಷ್ಟು ವರ್ಷ ನಮ್ಮನಿ ರೊಟ್ಟಿ ತಿಂದಾಳ. ಇನ್ನೂ ಗುರ್ತು ಹತ್ತಿಲ್ಲೇನ್ರಿ ಕಾಲೇಜಿನ ಬಾಯಾರ, ನಿಮ್ಮ ಕಾವಲುಗಾರರಿಗೆ?”

ಅತ್ತೆಯ ಈ ಮಾತಿಗೆ ಮಂಚದ ಮೇಲಿದ್ದ ಅಕ್ಕನೂ ನಕ್ಕಳು. ನಾನು ಓದಿದ್ದು ಇಲಿಗಳ ಮೇಲಿನ ಪ್ರಯೋಗ. ಅದನ್ನು ಆಗ ಹೇಳಿದೆನೋ ಇಲ್ಲವೋ, ಈಗ ಖಾತ್ರಿಯಿಲ್ಲ.

“ಮತ್ತ ಈ ರೋಗ ಕಂಡು ಅವು ಯಾಕ ಸುಮ್ಮನ ಕುಂತಾವ?” ಎಂದು ಅಕ್ಕ ಕೇಳಿದಳು.

“ಕ್ಯಾನ್ಸರು ನಿನ್ನ ಮೈಯಾಗಿಂದನ ಹುಟ್ಟೇದ, ಅಕ್ಕ. ನಿನ್ನ ಗುರ್ತನ ಇಟ್ಕೊಂಡಿರ್ತದ. ಅವಕ್ಕ ಭಾಳ ಸಲ ತಿಳಿಯೂದಿಲ್ಲ.”

“ಒಳಗಿನಾಕಿ ಅನಿಸ್ಕೊಂಡು ಹೊಡೀತದ ಅನ್ನು.”

ಹಾಗೆನ್ನುವಾಗ ಅತ್ತೆಯ ಕಡೆ ನೋಡಿದಳೆಂದು ನನ್ನ ನೆನಪು. ಆಮೇಲೆ ನಾನೇ ಸೇರಿಸಿದ ನೋಟವೂ ಇರಬಹುದು.

ಹೇಗೋ ಭಾವ ತಾಯಿಯನ್ನು ಒಪ್ಪಿಸಿದರು. ಮುಂಬಯಿಗೆ ಹೋಗಿ ರಕ್ತ ಪರೀಕ್ಷೆಗೆ ಕೊಟ್ಟೆ. ಹೊಂದಲಿಲ್ಲ. ಅದನ್ನು ತಿಳಿಸಲು ಇಳಕಲ್ಲಿಗೆ ಹೊರಟವಳಿಗೆ ಹುನಗುಂದದಲ್ಲೇ ಬಸ್ಸಿಳಿದುಬಿಡಬೇಕೆನಿಸಿತು. ಇಳಿದು ಹೋಗುವುದಾದರೂ ಎಲ್ಲಿಗೆ?

“ಈಗರೆ ನಂದು ತಗೋತಾರಿಲ್ಲೋ?” ಎಂದರು ಭಾವ. ಆಗುವುದಿಲ್ಲವೆಂದು ನಾನೇ ಹೇಳಬೇಕಾಯಿತು.

ಅತ್ತೆ ಈ ಸಲ ವಾದಿಸಲಿಲ್ಲ. ಲಾಳಿ ಕೆಳಗಿಟ್ಟು, “ಹಂಗಾರ ಇಕಿ ಯಾರ ಮನಿಯಾಕೀನೂ ಅಲ್ಲೇನು?” ಎಂದರು.

ಆ ಮನೆಯಲ್ಲಿ ಓದಿದವಳು ನಾನೊಬ್ಬಳೇ. ಎಲ್ಲರೂ ನನ್ನತ್ತಲೇ ನೋಡಿದರು. ಅಕ್ಕ ಗೋಡೆಯ ಕಡೆ ಹೊರಳಿ, “ಬಾಗಲಾ ತಗೀರಿ, ಜಳ ಆಗ್ತದ,” ಎಂದಳು.

ಬಾಗಿಲು ತೆರೆದೇ ಇತ್ತು.