ಬೂದಿ ತೆಗೆಯುವಷ್ಟು ಹೊತ್ತು

ಮೊನ್ನೆ ನಮ್ಮ ಬೀದಿಯ ಇಸ್ತ್ರಿಯವನು ಪೆಟ್ಟಿಗೆಗೆ ಇದ್ದಿಲು ತುಂಬಿ ಬೀಸಣಿಗೆ ಆಡಿಸುತ್ತಿದ್ದ. ಇದ್ದಿಲು ಒದ್ದೆಯಾಗಿತ್ತೋ ಏನೋ, ಹೊಗೆ ಎದ್ದು ಗಂಟಲು ಕಟ್ಟಿತು. ಸೀರೆ ಕೊಡಲು ಹೋದವಳು ಅದನ್ನು ಕೈಯಲ್ಲೇ ಹಿಡಿದು ನಿಂತುಬಿಟ್ಟೆ. ಆ ವಾಸನೆ ನನ್ನನ್ನು ಅರಕಲಗೂಡಿನ ಬಸ್ ಸ್ಟ್ಯಾಂಡಿಗೆ ಎಳೆದುಕೊಂಡು ಹೋಗಿತ್ತು… ಡ್ರೈವರಣ್ಣನ ಹತ್ತಿರಕ್ಕೆ.

ಎರಡನೇ ಮಹಾಯುದ್ಧದ ಕಾಲ ಅದು. ಪೆಟ್ರೋಲು ಕಣ್ಣಿಗೆ ಬೀಳುತ್ತಿರಲಿಲ್ಲ. ಬಸ್ಸಿನ ಬೆನ್ನಿಗೆ ಆಳೆತ್ತರದ ಕಬ್ಬಿಣದ ಡ್ರಮ್ಮು ಕಟ್ಟಿ, ಅದರೊಳಗೆ ಇದ್ದಿಲು ಉರಿಸಿ, ಆ ಗ್ಯಾಸಿನಲ್ಲಿ ಓಡಿಸುತ್ತಿದ್ದರು. ಓಡಿಸುತ್ತಿದ್ದರು ಅನ್ನುವುದು ದೊಡ್ಡ ಮಾತಾಯಿತು. ಏರು ಬಂದರೆ ಕಾಸು ಕೊಟ್ಟು ಕೂತವರೇ ಇಳಿದು ತಳ್ಳಬೇಕಿತ್ತು.

ಡ್ರೈವರಣ್ಣ ನಮ್ಮ ಹಿತ್ತಲ ಕೋಣೆಯಲ್ಲಿ ಬಾಡಿಗೆಗಿದ್ದರು. ಒಂಟಿ ಮನುಷ್ಯ. "ನನ್ ಗಾಡೀಲಿ ಕುಂತೋರು ಇಳಿಯಾದು ಊರಲ್ಲೇ ಕಣ" ಅನ್ನುವುದು ಅವರ ಜಂಬ. ಜಂಬಕ್ಕೆ ಕಾರಣವೂ ಇತ್ತು. ಬೂದಿ ತುಂಬಿದರೆ ಗ್ಯಾಸು ಸಾಲದೆ ಬಸ್ಸು ಏರಿನಲ್ಲಿ ನಿಂತುಬಿಡುತ್ತಿತ್ತು. ಹಾಸನದಿಂದ ಬಂದ ಕೂಡಲೇ ಡ್ರಮ್ಮಿನ ಬಾಯಿ ತೆಗೆದು, ಬೂದಿ ಕಿಟ್ಟವನ್ನೆಲ್ಲ ಕೆರೆದು, ಒಣ ಇದ್ದಿಲನ್ನೇ ಆರಿಸಿ ತುಂಬಿ, ಆಮೇಲೆಯೇ ಅವರು ಕಾಫಿಗೆ ಹೋಗುತ್ತಿದ್ದುದು. "ಆಯ್ತೇನಣ್ಣ, ನಿನ್ ಬಸ್ಸಿನ ಎಣ್ಣೆನೀರು?" ಎಂದು ಸ್ಟ್ಯಾಂಡಿನ ಜನ ರೇಗಿಸುತ್ತಿದ್ದರು.

ಆ ಮಳೆಗಾಲ ನಮ್ಮಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಅಪ್ಪನಿಲ್ಲದ ಮನೆ, ಅವ್ವನೇ ಎಲ್ಲ. ನೋವು ಶುರುವಾಗಿ ರಾತ್ರಿ ಕಳೆದು ಬೆಳಕು ಹರಿದರೂ ಮಗು ಇಳಿಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸೂಲಗಿತ್ತಿ ಕೈ ಚೆಲ್ಲಿದಳು. ಹಾಸನದ ದೊಡ್ಡಾಸ್ಪತ್ರೆಗೇ ಹೋಗಬೇಕು ಅಂದಳು. ಅಕ್ಕನನ್ನು ಎತ್ತಿಕೊಂಡು ಸ್ಟ್ಯಾಂಡಿಗೆ ಬಂದಾಗ ಬಸ್ಸು ಆಗತಾನೆ ಬಂದು ನಿಂತಿತ್ತು.

"ಅಣ್ಣ, ಬೂದಿ ತುಂಬೈತೆ. ತಗ್ದುಬುಡನಾ?" ಅಂದ ಕ್ಲೀನರು.

"ಬೇಗ ಗಾಡಿ ಬುಡಪ್ಪ, ನಿನ್ನ ಕಾಲಿಗ್ ಬೀಳ್ತೀನಿ" ಅಂದಳು ಅವ್ವ.

ಡ್ರೈವರಣ್ಣ ಡ್ರಮ್ಮಿನ ಕಡೆ ಒಮ್ಮೆ ನೋಡಿದರು, ನರಳುತ್ತಿದ್ದ ಅಕ್ಕನ ಕಡೆ ಒಮ್ಮೆ ನೋಡಿದರು. "ಬುಡ್ಲಾ ಅತ್ಲಾಗೆ. ಓಗನ" ಅಂದರು.

ಹಾಸನದ ದಾರಿಯ ದೊಡ್ಡ ಏರಿನ ನಡುವೆ ಬಸ್ಸು ನಿಟ್ಟುಸಿರು ಬಿಟ್ಟಂತೆ ಮಾಡಿ ನಿಂತಿತು. ಜನ ಇಳಿದು ತಳ್ಳಿದರು. ಕದಲಲಿಲ್ಲ. ಡ್ರೈವರಣ್ಣ ಕೆಂಡವಾಗಿದ್ದ ಡ್ರಮ್ಮಿನ ಬಾಯಿ ತೆಗೆದು ಬೂದಿ ಎಳೆಯತೊಡಗಿದರು. ಕೈ ಸುಟ್ಟಿತು, ಬಟ್ಟೆ ಸುತ್ತಿಕೊಂಡು ಮತ್ತೆ ಎಳೆದರು. ಒಳಗೆ ಅಕ್ಕ ಅವ್ವನ ಮಡಿಲಲ್ಲಿ ತಲೆಯಿಟ್ಟು ನನ್ನ ಕೈ ಹಿಡಿದಿದ್ದಳು. ಉರಿ ಮತ್ತೆ ಕೂಡಿಕೊಳ್ಳುವಷ್ಟರಲ್ಲಿ ಬಿಸಿಲು ಇಳಿದಿತ್ತು. ಬಸ್ಸು ಹೊರಟಾಗ ಅಕ್ಕ ನರಳುತ್ತಿರಲಿಲ್ಲ…

ಕೊಂಚ ಮುಂಚೆ ಬಂದಿದ್ದರೆ, ಎಂದು ಆಸ್ಪತ್ರೆಯಲ್ಲಿ ಹೇಳಿದರು. ಮಗುವೂ ಉಳಿಯಲಿಲ್ಲ.

ಯುದ್ಧಕಾಲದ ಗಾಡಿ, ಯಾರೇನು ಮಾಡುವುದು ಅಂದರು ಬಸ್ಸಿನ ಯಜಮಾನರು. ಅವಳ ಹಣೆಯಲ್ಲಿ ಅಷ್ಟೇ ಬರೆದಿತ್ತು ಅಂದರು ನೆಂಟರು. ಡ್ರೈವರಣ್ಣ ಯಾವುದನ್ನೂ ಒಪ್ಪಲಿಲ್ಲ. ತಿಥಿಯ ಮಾರನೆಯ ದಿನ ಕೈಗೆ ಪಟ್ಟಿ ಕಟ್ಟಿಕೊಂಡೇ ಬಂದು ನಮ್ಮ ಜಗಲಿಯ ಕೆಳಗೆ ನಿಂತರು.

"ಅವಸ್ರ ಮಾಡ್ದೋಳು ನಾನು. ನಿಂದೇನೈತಪ್ಪ ತಪ್ಪು" ಅಂದಳು ಅವ್ವ.

"ಹೆತ್ತೋಳ್ಗೆ ಅವಸ್ರ ಇರ್ಲೇಬೇಕು ಕಣವ್ವ. ಅವಸ್ರ ಬೀಳ್ದಂಗಿರಾದು ನನ್ ಕೆಲ್ಸ. ಅದ ನಾನ್ ಮಾಡ್ನಿಲ್ಲ."

ಇನ್ನು ಈ ಮನುಷ್ಯ ಕೆಲಸ ಬಿಡುತ್ತಾರೆ ಅಂದುಕೊಂಡೆವು. ಬಿಡಲಿಲ್ಲ. ಹಳೆಯ ಜಂಬದ ಮಾತು ಮಾತ್ರ ಮತ್ತೆಂದೂ ಬಾಯಿಗೆ ಬರಲಿಲ್ಲ. ಹಾಸನದ ಸ್ಟ್ಯಾಂಡಿನಲ್ಲಿ ಹೊಸ ಡ್ರೈವರುಗಳು ಸೇರಿದರೆ ಅವರನ್ನು ಡ್ರಮ್ಮಿನ ಬಳಿ ಕೂರಿಸಿಕೊಂಡು, ತಾವೇ ಬಾಯಿಬಿಟ್ಟು ಹೇಳುತ್ತಿದ್ದರು. "ಪೆಟ್ರೋಲಿಲ್ಲ, ಇದ್ಲು ಸರಿಗಿಲ್ಲ ಅಂತ ಯೋಳ್ಕಬ್ಯಾಡ್ರಲಾ. ನಾನು ಬೂದಿ ತಗೀನಿಲ್ಲ. ಅದ್ಕೇ ತಾಯಿ ಮಗು ಎಲ್ಡೂ ಓದ್ವು." ಕೇಳಿದವರು ತಲೆ ತಗ್ಗಿಸುತ್ತಿದ್ದರು. ಡ್ರೈವರಣ್ಣ ತಗ್ಗಿಸುತ್ತಿರಲಿಲ್ಲ. ಆ ಸೋಲನ್ನು ಮುಚ್ಚಿಟ್ಟರೆ ಅದು ಇನ್ನೊಬ್ಬರ ಮನೆಗೂ ಬರುತ್ತದೆ ಅನ್ನುವ ಭಯ ಅವರಿಗಿತ್ತೇನೋ.

ಮರುವರ್ಷ ಏನೋ ಕೆಲಸದ ಮೇಲೆ ಅವ್ವ, ನಾನು ಅವರದೇ ಬಸ್ಸು ಹತ್ತಿ ಕೂತಿದ್ದೆವು. ಹಳ್ಳಿಯ ಹುಡುಗನೊಬ್ಬ ಹೆರಿಗೆನೋವಿನ ಹೆಂಡತಿಯನ್ನು ಎತ್ತಿನ ಗಾಡಿಯಲ್ಲಿ ತಂದು ಇಳಿಸಿದ. ಡ್ರೈವರಣ್ಣ ಅವಳಿಗೆ ಉದ್ದನೆಯ ಸೀಟು ಬಿಡಿಸಿಕೊಟ್ಟು, ಹಿಂದಕ್ಕೆ ಹೋಗಿ ಡ್ರಮ್ಮಿನ ಬಾಯಿ ತೆಗೆದರು.

ಹುಡುಗ ಬಂದು ಅವರ ಕೊರಳಪಟ್ಟಿ ಹಿಡಿದ. "ಕಲ್ಲೆದೆಯೋನೆ, ಯೆಣ್ಣು ಸಾಯ್ತಾವ್ಳೆ, ನೀನು ಬೂದಿ ಕೆರೀತಾ ಕುಂತಿದ್ದೀಯಾ?" ಎಂದವನೇ ಕೆನ್ನೆಗೆ ಬಾರಿಸಿದ.

"ಒಡೀರಿ ಸಾಮಿ. ಕೈ ಮಾತ್ರ ಇಡ್ಕಬ್ಯಾಡಿ, ಕೆಲ್ಸ ನಿಂತೋಯ್ತದೆ" ಅಂದರು ಅವರು.

ಅವ್ವ ಎದ್ದು ಇಳಿದು ಹೋದಳು. ಹೊಸ ಇದ್ದಿಲು ಬಿದ್ದ ಮೇಲೆ, ಉರಿಗೆ ಗಾಳಿ ಕೊಡುವ ಚಕ್ರವನ್ನು ಕ್ಲೀನರನ ಕೈಯಿಂದ ತೆಗೆದುಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ ತಾನೇ ತಿರುಗಿಸತೊಡಗಿದಳು.

ಬಸ್ಸು ಆ ಏರನ್ನು ಒಂದೇ ಉಸಿರಿಗೆ ಹತ್ತಿತು. ಸಂಜೆಯೊಳಗೆ ಗಂಡುಮಗು. ಹುಡುಗ ಕಲ್ಲುಸಕ್ಕರೆ ಹಿಡಿದು, ಕಾಲಿಗೆ ಬೀಳಬೇಕೆಂದು ಹಾಸನದ ಸ್ಟ್ಯಾಂಡೆಲ್ಲ ಹುಡುಕುತ್ತಿದ್ದ. ಡ್ರೈವರಣ್ಣ ಬಸ್ಸಿನ ಮರೆಯಲ್ಲಿ ಮೊಣಕಾಲಿಗೆ ತಲೆಯಿಟ್ಟು ಕೂತಿದ್ದರು. ಅವ್ವ ಹತ್ತಿರ ಹೋಗಿ ನಿಂತಳು.

"ಅವತ್ತೂ ಬೂದಿ ತಗಿಯಾಕೆ ಇಷ್ಟೇ ಒತ್ತಾಗ್ತಿತ್ತಾ?"

ಇಲ್ಲವ್ವ, ಅವತ್ತು ಬಹಳ ಹೊತ್ತಾಗುತ್ತಿತ್ತು ಅಂತ ಅವರು ಹೇಳಬಹುದಿತ್ತು. ಒಂದು ಸುಳ್ಳು ಹೇಳಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ.

"ಇಷ್ಟೇ ಕಣವ್ವ" ಅಂದರು.

ಅಕ್ಕನನ್ನು ಮಣ್ಣು ಮಾಡಿದಾಗಲೂ ಜನರೆದುರು ಅಳದಿದ್ದ ಅವ್ವ, ಅಲ್ಲೇ ಅವರ ಪಕ್ಕದಲ್ಲಿ ಕುಸಿದು ಕೂತು ಅತ್ತಳು…

ಯುದ್ಧ ಮುಗಿಯಿತು. ಪೆಟ್ರೋಲು ಬಂತು. ಡ್ರಮ್ಮುಗಳನ್ನು ಬಿಚ್ಚಿ ಗುಜರಿಗೆ ಹಾಕಿದರು. ಡ್ರೈವರಣ್ಣ ಚನ್ನರಾಯಪಟ್ಟಣದ ಕಡೆಯ ಬಸ್ಸಿಗೆ ಹೋದರು. ಮೊದಮೊದಲು ಹಬ್ಬಕ್ಕೆ ಬಂದು ಅವ್ವನನ್ನು ಮಾತಾಡಿಸಿ ಹೋಗುತ್ತಿದ್ದರು, ಆಮೇಲೆ ಅದೂ ನಿಂತಿತು. ಹಿರೀಸಾವೆಯಲ್ಲಿ ತೀರಿಕೊಂಡರಂತೆ. ಸುದ್ದಿ ನಮ್ಮನ್ನು ಮುಟ್ಟಿದ್ದು ಎಷ್ಟೋ ದಿನದ ಮೇಲೆ. ಅವ್ವನೂ ಹೋದಳು. ಆ ಎರಡು ಪಯಣವನ್ನೂ ಕಂಡವರಲ್ಲಿ ನಾನೊಬ್ಬಳು ಉಳಿದಿದ್ದೇನೆ.

ಈಗಲೂ ಎಂದಾದರೊಮ್ಮೆ ಆ ದಾರಿಯಲ್ಲಿ ಹೋಗುತ್ತೇನೆ. ಅದು ಏರು ಅನ್ನುವುದೇ ಪಕ್ಕದಲ್ಲಿ ಕೂತವರಿಗೆ ತಿಳಿಯುವುದಿಲ್ಲ, ಮಾತಾಡುತ್ತಲೇ ಇರುತ್ತಾರೆ. ನಾನು ಮಾತ್ರ ಮುಂದಿನ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತೇನೆ. ಬಸ್ಸು ನಿಲ್ಲುವುದಿಲ್ಲ.