ಜಗಳೂರಿನಿಂದ ಗೋವಿನಕೋವಿಗೆ ಒಂದು ಗೆರೆ

ಜಗಳೂರಿನ ದರ್ಜಿ ಗೌಸ್‌ಪೀರ್ ಬೆಳಿಗ್ಗೆ ಎಂಟೂವರೆಗೆ ಯಾರ ಮಾತಿಗೂ ಸಿಗುವವರಲ್ಲ. ಗಿರಾಕಿ ಮದುವೆಯ ಸೂಟಿಗೆ ಅಳತೆ ಕೊಡಲು ನಿಂತಿದ್ದರೂ ಅಷ್ಟೇ, ಮಳೆ ಅಳೆಯಲು ಮಾಳಿಗೆ ಹತ್ತಿಬಿಡುತ್ತಾರೆ. ಇಪ್ಪತ್ತು ವರ್ಷದ ಹಿಂದೆ ಒಂದು ಸಂಶೋಧನಾ ಸಂಸ್ಥೆ ಊರೂರಿಗೆ ಮಳೆಮಾಪಕ ಕೊಟ್ಟು, ದಿನಾ ಅಳೆದು ಫೋನಿನಲ್ಲಿ ಬರೆಸಿ ಎಂದಿತ್ತು. ಮಳೆಯಿಲ್ಲದ ದಿನವೂ ಸೊನ್ನೆ ಬರೆಸಲು ಇಷ್ಟೊಂದು ಮೆಟ್ಟಿಲು ಯಾಕೆ ಹತ್ತುತ್ತೀರಿ ಎಂದು ಪಕ್ಕದ ಜೆರಾಕ್ಸ್ ಅಂಗಡಿಯವನಾದ ನಾನು ಎಷ್ಟೋ ಸಲ ಕಿಚಾಯಿಸಿದ್ದೇನೆ.

ಅವರಿಗೆ ಮಕ್ಕಳಿಲ್ಲ. ಹೆಂಡತಿ ತೀರಿಹೋಗಿ ಬಹಳ ಕಾಲವಾಯಿತು. ಮನಸ್ಸು ಬಿಚ್ಚಿ ಮಾತಾಡಲು ಇದ್ದದ್ದು ಒಂದೇ ಜೀವ, ಗೋವಿನಕೋವಿಯಲ್ಲಿ ಮಳೆ ಅಳೆಯುತ್ತಿದ್ದ ಹಾಲೇಶಪ್ಪ. ಅದೂ ಫೋನಿನಲ್ಲಿ ಮಾತ್ರ. "ಸಾಬ್ರೇ, ಅಳತೆ ಗ್ಲಾಸಲ್ಲಿ ಬರೀ ಇಬ್ಬನಿ ಐತೆ, ಅದನ್ನೂ ಬರೆಸಬೇಕಾ?" ಎಂದು ಕೇಳಿದಲ್ಲಿಂದ ಶುರುವಾದ ಗೆಳೆತನ. ಒಬ್ಬರ ಮುಖ ಒಬ್ಬರು ನೋಡಲೇ ಇಲ್ಲ. 2017ರ ಕೊನೆಗೆ ಹಾಲೇಶಪ್ಪ ತೀರಿಕೊಂಡರು, ಅಲ್ಲಿನ ಅಳತೆಯೂ ನಿಂತಿತು. ಆಮೇಲೆ ಗೌಸ್‌ಪೀರ್ ಜೊತೆ ಇದ್ದವನು ನಾನೇ, ಆದರೆ ನನ್ನ ಮಾತು ಅವರಿಗೆ ಸಾಲುತ್ತಿರಲಿಲ್ಲ.

ಕಳೆದ ತಿಂಗಳು ಸಂಧ್ಯಾರಾಣಿ ಎಂಬ ಸಂಶೋಧಕಿ ಲ್ಯಾಪ್‌ಟಾಪ್ ಹಿಡಿದು ಬಂದಳು. ಪರದೆಯ ಮೇಲೆ ಊರಿಗೊಂದು ಚುಕ್ಕಿ. ಎರಡು ಊರಿನ ಮಳೆ ಒಟ್ಟಿಗೆ ಏರಿ ಒಟ್ಟಿಗೆ ಇಳಿದರೆ ನಡುವೆ ಒಂದು ಗೆರೆ. ವರ್ಷಕ್ಕೊಂದು ಇಂಥ ಚಿತ್ರ ಬರೆದರೆ, ಯಾವ ಗೆರೆ ಹುಟ್ಟಿತು, ಯಾವುದು ಕಡಿದುಹೋಯಿತು ಎಂಬುದರಲ್ಲಿ ಹವಾಮಾನ ಬದಲಾದದ್ದು ಕಾಣುತ್ತದಂತೆ. ಚನ್ನಗಿರಿ, ಹೊನ್ನಾಳಿ, ಬಸವಾಪಟ್ಟಣ ಒಂದಕ್ಕೊಂದು ಹೆಣೆದುಕೊಂಡಿದ್ದವು. ನಮ್ಮ ಜಗಳೂರು ಮೂಲೆಯಲ್ಲಿ ಒಂಟಿ. 2012ರಿಂದ ಆರು ವರ್ಷ ಮಾತ್ರ ಅಲ್ಲಿಂದ ಗೋವಿನಕೋವಿಗೆ ದಪ್ಪ ಗೆರೆ!

"ಇದು ಯಾರಿಗೂ ಗೊತ್ತೇ ಇರಲಿಲ್ಲ ಸರ್," ಎಂದಳು, ಖುಷಿ ತಡೆಯಲಾರದೆ. "ಇನ್ಮೇಲೆ ನಿಮ್ಮೂರಿನ ಮಳೆ ನೋಡಿ ಅಲ್ಲಿನ ರೈತರಿಗೆ ಬಿತ್ತನೆ ದಿನ ಹೇಳಬಹುದೇನೋ."

ಗೌಸ್‌ಪೀರ್ ಆ ಗೆರೆಯನ್ನೇ ನೋಡುತ್ತಾ ಕೂತರು. ಬಾಯಿ ಮುಚ್ಚಿಕೊಂಡಿದ್ದರೆ ಗೆಳೆಯನ ಮರ್ಯಾದೆಯೂ ಉಳಿಯುತ್ತಿತ್ತು, ಗೆರೆಯೂ ಉಳಿಯುತ್ತಿತ್ತು. ಆದರೆ ಅದನ್ನು ನಂಬಿ ಬಿತ್ತಿದವರ ಗತಿ?

"ಅಳಿಸಿಬಿಡಮ್ಮಾ," ಎಂದರು. "ಹಾಲೇಶಂಗೆ ಕಣ್ಣು ಮಂಜಾಗಿದ್ವು, ಗ್ಲಾಸಿನ ಅಳತೆ ಕಾಣ್ತಿರ್ಲಿಲ್ಲ. ಈ ಕೆಲ್ಸಾನೂ ಹೋದ್ರೆ ನನ್ನ ಯಾರು ಕೇಳ್ತಾರೆ ಅಂತ ಅತ್ತ. ದಿನಾ ನಮ್ಮೂರಿನ ಅಳತೆ ನಾನು ಹೇಳ್ತಿದ್ದೆ. ಮಳೆ ಬಂದ ದಿನ ನಾಕು ಮಿಲಿಮೀಟ್ರು ಸೇರಿಸಿ ಅವ್ನು ಬರೆಸ್ತಿದ್ದ."

ನನಗೆ ಸಿಟ್ಟೇ ಬಂತು. ಇಷ್ಟು ವರ್ಷ ಪಕ್ಕದಲ್ಲಿದ್ದರೂ ನನಗೊಂದು ಮಾತು ಹೇಳಿರಲಿಲ್ಲವಲ್ಲ!

ಸಂಧ್ಯಾರಾಣಿಯ ಮುಖ ಸಣ್ಣದಾಯಿತು. ಆ ವರ್ಷಗಳ ಅಂಕಿಗಳನ್ನು ತೆರೆದು ಕೇಳಿದಳು: "2014ರ ಜುಲೈನಲ್ಲಿ ಗೋವಿನಕೋವಿಯ ಹನ್ನೊಂದು ದಿನ ಖಾಲಿ ಇವೆ. ಮಾಪಕ ಕೆಟ್ಟಿತ್ತಾ ಸರ್?"

"ಇಲ್ಲಮ್ಮ. ನಾನು ಹೇಳಿದ್ದನ್ನ ಒಂದಿನ ತಪ್ಪು ಬರೆಸಿದ್ದ. ಸಿಟ್ಟಲ್ಲಿ ಕುರುಡ ಅಂದ್ಬಿಟ್ಟೆ. ಮಾತು ನಿಂತೋಯ್ತು. ಹನ್ನೆರಡನೇ ದಿನ ಅವ್ನೇ ಫೋನ್ ಮಾಡಿ, 'ಎಷ್ಟು ಬಿತ್ತು ಸಾಬ್ರೇ?' ಅಂದ."

ಅವಳು ಆ ಆರು ವರ್ಷದ ಗೋವಿನಕೋವಿಯ ಅಂಕಿಗಳನ್ನೆಲ್ಲ ತೆಗೆದುಹಾಕಿದಳು. ಗೆರೆ ಹೋಯಿತು. ಗೌಸ್‌ಪೀರ್ ಪರದೆಯ ಕಡೆ ನೋಡಲಿಲ್ಲ. ಅಳಿಸುವ ಅಗತ್ಯವೇ ಬೀಳದೆ ಉಳಿದದ್ದು ಅವರಿಬ್ಬರೂ ಮಾತು ಬಿಟ್ಟಿದ್ದ ಆ ಹನ್ನೊಂದು ಖಾಲಿ ದಿನಗಳು ಮಾತ್ರ.